ಬೇರಿಗೆ ಬಾಚಣಿಗೆ

ನಮ್ಮ ಚಿಕ್ಕಮ್ಮನ ಕೈಗೆ ಸಿಕ್ಕಿದ್ದು ಯಾವುದೂ ಕೆದರಿಕೊಂಡು ಉಳಿದದ್ದಿಲ್ಲ. ಕಂಬಳಿಯ ಅಂಚು, ಪೊರಕೆಯ ಕಡ್ಡಿ, ನನ್ನ ತಲೆ, ಎಲ್ಲಕ್ಕೂ ಒಂದೇ ಶಿಕ್ಷೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಬಾಚುವಾಗ ಕಿರುಚಿದರೆ, "ತಲೆ ಇದ್ದೋರಿಗೇ ತಲೆನೋವು, ಸುಮ್ನಿರು," ಅನ್ನುತ್ತಿದ್ದಳು. ಅದು ಸಮಾಧಾನದ ಮಾತೇ ಇರಬೇಕು.

ಅವಳ ಕೆಲಸ ಬೇರು ತೊಳೆಯುವುದು. ನಗಬೇಡಿ, ಅದಕ್ಕೂ ಸಂಬಳವಿದೆ. ಭತ್ತದ ಸಂಶೋಧನಾ ಕೇಂದ್ರದ ಹಿಂಬದಿಯ ಶೆಡ್ಡಿನಲ್ಲಿ ಕುಂಡದ ಗಿಡವನ್ನು ಜರಡಿಯ ಮೇಲಿಟ್ಟು, ಸಣ್ಣ ಧಾರೆಯಲ್ಲಿ ಮಣ್ಣು ಬಿಡಿಸಿ, ಒಂದು ಎಳೆಯೂ ಹರಿಯದಂತೆ ಕಪ್ಪು ತಟ್ಟೆಯಲ್ಲಿ ಮಲಗಿಸಬೇಕು. ಮೊದಲೆಲ್ಲ ಬೇರನ್ನು ಬರೀ ತೂಗುತ್ತಿದ್ದರು. ಮೂರು ವರ್ಷದಿಂದ ಅಲ್ಲಿಯ ವಿಜ್ಞಾನಿ ಸಾಹೇಬರು ಫೋಟೋ ತೆಗೆದು ಅಳೆಯುತ್ತಾರೆ. ಚಿಕ್ಕಮ್ಮನದು ಹದಿನೆಂಟು ವರ್ಷದಿಂದಲೂ ಹಂಗಾಮಿ ನೌಕರಿ. ಖಾಯಂ ಮಾಡುವ ಕಡತ ಕೊನೆಗೂ ಸಾಹೇಬರ ಮೇಜಿಗೆ ಬಂದಿತ್ತು. ಒಂದು ಸಹಿ ಬಾಕಿ.

ಸಾಹೇಬರಿಗೆ ಕಳೆ ಭತ್ತದ ಹುಚ್ಚು. ಅದರ ಪೂರ್ವಜರು ಒಳ್ಳೆಯ ಮನೆತನದ ಭತ್ತವೇ. ಯಾವುದೋ ಕಾಲಕ್ಕೆ ಸಾಕಿದವರ ಮಾತು ಕೇಳುವುದು ಬಿಟ್ಟು, ಕೊಯ್ಲಿಗೆ ಮುಂಚೆಯೇ ಕಾಳು ಉದುರಿಸಿ, ಅದೇ ಗದ್ದೆಯಲ್ಲಿ ಬಿಟ್ಟಿ ಊಟಕ್ಕೆ ನಿಂತವು. ಮೇಲೆ ನೋಡಿದರೆ ಬೆಳೆ ಭತ್ತದ್ದೇ ಮುಖ. ಗೊಬ್ಬರ ಕದಿಯುವ ಕಸುಬೆಲ್ಲ ನೆಲದಡಿಯಲ್ಲಿ, ಬೇರು ಹರಡುವ ರೀತಿಯಲ್ಲಿದೆ ಎಂಬುದು ಸಾಹೇಬರ ವಾದ. ಆದರೆ ಫೋಟೋಗಳಲ್ಲಿ ಕಳ್ಳನ ಬೇರೂ ಸಂಭಾವಿತನ ಬೇರೂ ಒಂದೇ ಸಮ, ನೆಟ್ಟಗೆ ಕೆಳಕ್ಕೆ.

"ನಂದೇ ತಪ್ಪು ಅನ್ಸುತ್ತೆ. ಈ ಕೆಲಸ ಮುಚ್ಚಿಬಿಡೋಣ," ಎಂದರು ಸಾಹೇಬರು ಒಂದು ಬೆಳಿಗ್ಗೆ, ಫೋಟೋಗಳನ್ನು ಶೆಡ್ಡಿನ ಮೇಜಿನ ಮೇಲೆ ಹರಡಿ.

ಚಿಕ್ಕಮ್ಮ ನೋಡಿದಳು. ಆ ನೀಟು ಯಾರ ಕೈಯದೆಂದು ಅವಳಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಹಿ ಬೀಳುತ್ತಿತ್ತು. "ಆದ್ರೆ ಆ ಮನುಷ್ಯನ ಮುಖ ನೋಡೋಕಾಗ್ಲಿಲ್ಲ ಕಣೇ," ಎಂದಳು ಆಮೇಲೆ ನನ್ನ ಹತ್ತಿರ. ಜೇಬಿನಿಂದ ಸಣ್ಣ ಹಲ್ಲಿನ ಬಾಚಣಿಗೆ ತೆಗೆದು ಮೇಜಿನ ಮೇಲಿಟ್ಟಳಂತೆ.

"ಸಾರ್, ಬಾಚಿದ್ದು ನಾನು."

"ಏನನ್ನ?"

"ಬೇರನ್ನ. ಫೋಟೋಗೆ ಅಂದ್ರಲ್ಲ, ಕೆದರಿದ್ರೆ ಚೆನ್ನಾಗಿರಲ್ಲ ಅಂತ. ನೀರಲ್ಲೇ, ಮೆತ್ತಗೆ. ಒಂದೂ ಹರಿದಿಲ್ಲ."

ನನ್ನ ತಲೆಗಿಲ್ಲದ ಮರ್ಯಾದೆ!

ಸಾಹೇಬರು ಕುರ್ಚಿ ಹುಡುಕಿ ಕುಳಿತರು. ಆಮೇಲೆ ಒಂದು ಕಳೆ ಗಿಡವನ್ನೂ ಒಂದು ಬೆಳೆಯ ಗಿಡವನ್ನೂ ತೊಳೆಸಿ, ಬಾಚದೆ ಮಲಗಿಸಲು ಹೇಳಿದರು. ಕಳೆಯ ಬೇರು ತಟ್ಟೆಯ ಅಂಚಿನವರೆಗೂ ಕೈಕಾಲು ಚಾಚಿತು. ಬೆಳೆಯ ಗಿಡದ್ದು ಅರ್ಧಕ್ಕೇ ನಿಂತಿತು. ಸಾಹೇಬರು ಜೋರಾಗಿ ನಕ್ಕು, ಬಾಚಣಿಗೆಯನ್ನು ಜಪ್ತಿ ಮಾಡಿದರು.

"ಸಹಿ?" ಎಂದೆ ನಾನು.

"ಮೂರು ವರ್ಷದ್ದೂ ಮತ್ತೆ ಮಾಡ್ಬೇಕಂತೆ. ಅದಾದ್ಮೇಲೆ ನೋಡೋಣ ಅಂದ್ರು."

ಆ ಸಂಜೆ ಎಂದಿನಂತೆ ನನ್ನನ್ನು ಮುಂದೆ ಕೂರಿಸಿಕೊಂಡಳು. ಇಪ್ಪತ್ತಾರು ತುಂಬಿದರೂ ನನಗೆ ಈ ಅವಮಾನ ತಪ್ಪಿಲ್ಲ. ಜಡೆ ಬಿಚ್ಚಿದ ಕೈ ಅಲ್ಲೇ ನಿಂತಿತು. ನನ್ನ ಜನ್ಮದಲ್ಲೇ ಮೊದಲ ಸಲ ಕೇಳಿದಳು: "ಬಾಚ್ಲೇನೇ? ಇಲ್ಲ, ಹಾಗೇ ಬಿಡ್ಲಾ?"

ಇಷ್ಟು ವರ್ಷ ಇದೇ ಪ್ರಶ್ನೆಗೆ ಕಾದಿದ್ದವಳು ನಾನು. ಈಗ ನೋಡಿದರೆ ಮನೆಯ ಬಾಚಣಿಗೆಯನ್ನು ನಾನೇ ಅವಳ ಕೈಗಿಟ್ಟೆ.

"ಬಾಚು ಚಿಕ್ಕಮ್ಮ," ಎಂದೆ. "ನನ್ನನ್ನ ಯಾರೂ ಅಳೆಯೋಕೆ ಬರಲ್ಲ."