ಆಯುಧ ಪೂಜೆಯ ರಾತ್ರಿ ಅಳಿಸಿಹೋದ ಅಕ್ಷರ

ಇದನ್ನು ಓದಿ ನಗುವವರು ನಗಲಿ. ನಮ್ಮ ಮನೆಯಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳು. ದೆವ್ವದ ಮಾತು ಬಂದರೆ ಎದ್ದು ಹೋಗುವವಳು. ಆದರೂ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನಲಾರೆ.

ನನ್ನ ಮನೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ. ಕೆಲಸ ಶಿವಮೊಗ್ಗದ ವಿನೋಬನಗರದ ಒಂದು ಲ್ಯಾಬಿನಲ್ಲಿ, ರಾತ್ರಿ ಪಾಳಿ. ಸುರೇಶಣ್ಣ ರಕ್ತ ಪರೀಕ್ಷಿಸುತ್ತಾರೆ, ನಾನು ವರದಿ ಟೈಪ್ ಮಾಡುತ್ತೇನೆ. ಕಂಪ್ಯೂಟರಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿದವಳೂ ನಾನೇ. "ಪುಕ್ಕಟೆ ಸಿಕ್ಕಿದ್ದು ಕೈಕೊಟ್ರೆ ನೀನೇ ಜವಾಬ್ದಾರಿ ಕಣಮ್ಮ" ಎಂದು ಮಾಲೀಕರು ಆಗಲೇ ಎಚ್ಚರಿಸಿದ್ದರು.

ಅಂದು ಆಯುಧ ಪೂಜೆ. ಸಂಜೆ ಕೌಂಟರಿನ ಹಾಗೂ ಮಾಲೀಕರ ಕೋಣೆಯ ವೈರ್‌ಲೆಸ್ ಕೀಬೋರ್ಡುಗಳನ್ನು ಒರೆಸಿ, ಕಂಪ್ಯೂಟರಿಗೆ ಚುಚ್ಚಿ ಅವುಗಳ ಸಿಗ್ನಲ್ ಹಿಡಿಯುವ ಪುಟ್ಟ ಡಾಂಗಲ್‌ಗಳನ್ನು ಕಿತ್ತು ಒಂದೇ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದೆವು. ಮಂಗಳಾರತಿ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಮತ್ತೆ ಚುಚ್ಚಿದೆವು. ಮರುದಿನದವರೆಗೆ ಯಾವುದನ್ನೂ ಮುಟ್ಟಬಾರದೆಂದು ಹೇಳಿ, ತಮ್ಮ ಕೋಣೆಗೆ ಬೀಗ ಹಾಕಿ ಕೀಲಿಯನ್ನು ನನಗೆ ಕೊಟ್ಟು ಮಾಲೀಕರು ಹೊರಟರು.

ರಾತ್ರಿ, ಎದುರಿನ ನರ್ಸಿಂಗ್ ಹೋಮಿನಿಂದ ಗಾಜನೂರಿನವರೊಬ್ಬರು ರಕ್ತದ ಟ್ಯೂಬ್ ಹಿಡಿದು ಓಡಿಬಂದರು. ಹೆರಿಗೆಯಾದ ಹೆಂಡತಿಗೆ ರಕ್ತಸ್ರಾವ ನಿಂತಿರಲಿಲ್ಲ. ರಕ್ತದ ಗುಂಪಿನ ಮುದ್ರಿತ ವರದಿ ಕೂಡಲೇ ಬೇಕಿತ್ತು.

"ಬಿ ಪಾಸಿಟಿವ್. ಬೇಗ ಹೊಡಿಯೇ" ಎಂದರು ಸುರೇಶಣ್ಣ ಒಳಗಿನಿಂದ.

ಮನಸ್ಸಿನಲ್ಲೇ ಕ್ಷಮೆ ಕೇಳಿ ಕೀಬೋರ್ಡಿನ ಮೇಲಿನ ಸೇವಂತಿಗೆ ಸರಿಸಿದೆ. ಒಂದಕ್ಷರವೂ ಮೂಡಲಿಲ್ಲ. ಅದೇ ಡಾಂಗಲ್ಲಿನ ಮೌಸೂ ಸತ್ತಂತಿತ್ತು. ಸೆಲ್ ಬದಲಿಸಿದೆ. ಡಾಂಗಲ್ಲನ್ನು ಬೇರೆ ಕಿಂಡಿಗೆ ಚುಚ್ಚಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ...

"ಆಯ್ತಾ ಮೇಡಂ? ಅಲ್ಲಿ ಡಾಕ್ಟ್ರು ಕೂಗಾಡ್ತಿದಾರೆ..."

"ಆಗ್ತಿದೆ ಅಣ್ಣಾ" ಎಂದೆ. ಆಗುತ್ತಿರಲಿಲ್ಲ.

ಡ್ರಾಯರಿನಲ್ಲಿ ಹಳೆಯ ವೈರ್ ಮೌಸ್ ಸಿಕ್ಕಿತು. ಪರದೆಯ ಮೇಲೆ ಕೀಬೋರ್ಡಿನ ಚಿತ್ರ ತೆರೆದು, ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದೆ. ಗುಂಪನ್ನೂ ಬರೆದೆ. ಮುದ್ರಿಸಲು ಹೋದರೆ... ಗುಂಪು ಕೊನೆಯಿಂದ ಒಂದೊಂದೇ ಅಕ್ಷರವಾಗಿ ಅಳಿಸಿಹೋಗುತ್ತಿತ್ತು.

ಮೌಸಿನಿಂದ ಕೈಯೆತ್ತಿದೆ. ಕೀಬೋರ್ಡಿನ ಸೆಲ್ ಕಿತ್ತೆ. ಮತ್ತೆ ಬರೆದೆ. ಮತ್ತೆ ಅಳಿಯಿತು... ನಿಧಾನವಾಗಿ, ಯಾರೋ ಯೋಚಿಸಿ ಅಳಿಸಿದಂತೆ.

ಆಗ ಹೊಳೆಯಿತು: ಡಾಂಗಲ್‌ಗಳು ಅದಲುಬದಲಾಗಿವೆ! ಈ ಕಂಪ್ಯೂಟರ್ ಮಾಲೀಕರ ಕೀಬೋರ್ಡಿನ ಮಾತು ಕೇಳುತ್ತಿದೆ. ಅದರ ಅಳಿಸುವ ಕೀ ಮೇಲೆ ಪೂಜೆಯ ನಿಂಬೆಹಣ್ಣು ಕುಳಿತಿರಬೇಕು. ಎಷ್ಟು ಸಮಾಧಾನವಾಯಿತೆಂದರೆ ನಕ್ಕುಬಿಟ್ಟೆ. ಸುರೇಶಣ್ಣನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಕೀಲಿ ಹಿಡಿದು ಓಡಿದೆ.

ಕೋಣೆಯಲ್ಲಿ ಕರ್ಪೂರದ ವಾಸನೆ. ಕೀಬೋರ್ಡ್ ದೇವರ ಪಟದ ಮುಂದಿತ್ತು. ನಿಂಬೆಹಣ್ಣು ಅದರ ಮೇಲಿರಲಿಲ್ಲ, ಪಕ್ಕದ ತಟ್ಟೆಯಲ್ಲಿತ್ತು. ಅದೇ ತಟ್ಟೆಯಲ್ಲಿ, ಕುಂಕುಮ ಹಚ್ಚಿದ ಎರಡು ಸೆಲ್‌ಗಳು. ಕೀಬೋರ್ಡನ್ನು ಎತ್ತಿ ಮಗುಚಿದೆ. ಸೆಲ್ ಇಡುವ ಜಾಗ ಖಾಲಿ.

"ಏ ಮಾರಾಯ್ತಿ!" ಸುರೇಶಣ್ಣ ಕೌಂಟರಿನಿಂದ ಕೂಗಿದರು. "ಡಾಂಗಲ್ ಕಿತ್ತು ಮತ್ತೆ ಬರ್ದೆ ಕಣೇ... ಆದ್ರೂ ಅಳಿಸ್ತಿದೆ!"

ನನ್ನ ಕೈಯಲ್ಲಿದ್ದ ಕೀಬೋರ್ಡಿನ ಅಳಿಸುವ ಕೀ, ಯಾರೂ ಒತ್ತದೆ, ಮೆಲ್ಲನೆ ಒಳಗಿಳಿಯಿತು... ಮೇಲೆದ್ದಿತು... ಮತ್ತೆ ಇಳಿಯಿತು. ಅದನ್ನು ಹಾಗೇ ಬಿಟ್ಟು ಓಡಿಬಂದೆ.

ಸುರೇಶಣ್ಣ ಪರದೆಯನ್ನೇ ನೋಡುತ್ತಿದ್ದರು. "ಹೆಸರು ಅಳಿಸ್ತಿಲ್ಲ. ಬರೀ ಗ್ರೂಪು..." ಎಂದರು. ತಟ್ಟನೆ ಎದ್ದು ಒಳಗೆ ಹೋದರು. ಸ್ಟ್ಯಾಂಡಿನಲ್ಲಿ ಸಂಜೆಯ ಇನ್ನೊಬ್ಬರ ರಕ್ತದ ಟ್ಯೂಬೂ ಇತ್ತು. ಅವಸರದಲ್ಲಿ ಅವರು ಅದನ್ನೇ ಪರೀಕ್ಷಿಸಿದ್ದರು. ಸರಿಯಾದ ಟ್ಯೂಬಿನದು ಓ ಪಾಸಿಟಿವ್.

ಬರೆದೆ. ಅಕ್ಷರಗಳು ಅಲುಗಾಡಲಿಲ್ಲ.

ಗಾಜನೂರಿನವರು ಕಾಗದ ಕಿತ್ತುಕೊಂಡು ಓಡಿದರು. ಬಾಣಂತಿ ಬದುಕಿದಳೆಂದು ಬೆಳಿಗ್ಗೆ ತಿಳಿಯಿತು. ಮಾಲೀಕರಿಗೆ ನಾವು ಏನನ್ನೂ ಹೇಳಲಿಲ್ಲ. ಅಕ್ಷರ ಅಳಿಯುತ್ತಿತ್ತೆಂದಷ್ಟೇ ಹೇಳಿ ಕರೆಸಿದ ರಿಪೇರಿಯವರು, "ಪಕ್ಕದ ಬಿಲ್ಡಿಂಗಿನ ಸಿಗ್ನಲ್ ಬಂದಿರ್ಬೇಕು ಬಿಡಿ" ಎಂದರು. ಕಿತ್ತಿಟ್ಟ ಡಾಂಗಲ್ಲಿಗೆ ಸಿಗ್ನಲ್ ಹೇಗೆ ಬಂದೀತು?

ಒಳ್ಳೆಯದೇ ಆಯಿತಲ್ಲ ಎಂದು ಸುರೇಶಣ್ಣ ಈಗಲೂ ಸಮಾಧಾನ ಹೇಳುತ್ತಾರೆ. ಆದರೆ ಪ್ರತಿ ರಾತ್ರಿ ವರದಿ ಬರೆದು, ಮುದ್ರಿಸುವ ಮೊದಲು, ನಾನು ಕೈಕಟ್ಟಿ ಕಾಯುತ್ತೇನೆ. ಏನೂ ಅಳಿಯುವುದಿಲ್ಲ. ಆ ರಾತ್ರಿಗೆ ಮುಂಚೆಯೂ ಎಷ್ಟೋ ವರದಿಗಳನ್ನು ಬರೆದಿದ್ದೇನೆ... ಅವನ್ನು ಯಾರೂ ಅಳಿಸಲಿಲ್ಲ. ಅವೆಲ್ಲ ಸರಿಯಾಗಿದ್ದವೇ?