ಅಕ್ಟೋಬರಿನಲ್ಲಿ ಬರುವ ಕಾರ್ಡು

ಥಂಡರ್ ಬೇ ಊರಿನಲ್ಲಿ ಒಳ್ಳೆಯ ಕಂಪ್ಯೂಟರ್ ಜೋಡಿಸಿಕೊಳ್ಳಬೇಕೆಂದವರಿಗೆ ಆರ್ವೊ ಹಕ್ಕಲನ ಹೆಸರು ಗೊತ್ತಿಲ್ಲದೆ ಇರುತ್ತಿರಲಿಲ್ಲ. ರೆಡ್ ರಿವರ್ ರಸ್ತೆಯ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತವನು ಅವನು. ಬಂದವರು ಇಂಥದೇ ಬೇಕು ಎಂದು ಬೆರಳು ಮಾಡಿ ತೋರಿಸಿದರೂ ಸುಲಭಕ್ಕೆ ತೆಗೆದು ಕೊಡುತ್ತಿರಲಿಲ್ಲ. "ಆಟಕ್ಕೋ, ಕೆಲಸಕ್ಕೋ? ಯಾವ ಆಟ? ಇಡೋ ಕೋಣೇಲಿ ಯಾರಾದ್ರೂ ಮಲಗ್ತಾರಾ? ಫ್ಯಾನಿನ ಸದ್ದು ತಡ್ಕೊಳ್ತಾರಾ?" ಎಂದು ಕೇಳಿ ಕೇಳಿ, ಕೊನೆಗೆ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು, "ಎರಡು ತಿಂಗಳು ತಡೀರಿ. ಹೊಸದು ಬರ್ತಾ ಇದೆ. ಈಗ ತಗೊಂಡ್ರೆ ಆಮೇಲೆ ನನ್ನನ್ನೇ ಬೈತೀರ" ಎನ್ನುತ್ತಿದ್ದ. ಅವನ ಮಾತು ಕೇಳಿ ತಡೆದವರು ಯಾರೂ ಕೆಟ್ಟಿರಲಿಲ್ಲ.

ಆದರೆ ಅವನ ಮನೆಯ ಕಂಪ್ಯೂಟರು ಮಾತ್ರ ಹನ್ನೊಂದು ವರ್ಷದ್ದು. ಅದರ ಮುಂದೆ ಕೂರುತ್ತಿದ್ದವಳು ಅವನ ಹೆಂಡತಿ ಮಾರ್ನಿ. ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವುದು ಅವಳ ಕೆಲಸ. ಕೆನೆಯ ಚೀಲ ಕೈಗೆ ತೆಗೆದುಕೊಂಡರೆ ಎಂಥ ಉದ್ದದ ಹೆಸರನ್ನೂ ಒಂದೇ ಉಸಿರಿನಲ್ಲಿ, ಒಂದೇ ಎಳೆಯಲ್ಲಿ ಬರೆದು ಮುಗಿಸುವಳು. ಸಂಜೆ ಮನೆಗೆ ಬಂದರೆ ಅದೇ ಕೈಯಲ್ಲಿ ಚಿತ್ರ. ಅವಳ ಅಪ್ಪ ಸರೋವರದ ದಡದ ಧಾನ್ಯದ ಗೋದಾಮಿನಲ್ಲಿ ದುಡಿದವನು; ಅಲ್ಲಿ ಚೆಲ್ಲಿದ ಗೋಧಿ ತಿಂದು ಕೊಬ್ಬಿದ ಪಾರಿವಾಳಗಳ ಕತೆಗಳನ್ನು ಮಕ್ಕಳಿಗೆ ಹೇಳುತ್ತಿದ್ದನಂತೆ. ಹಾರಲಾರದಷ್ಟು ದಪ್ಪಗಾದ ಒಂದು ಪಾರಿವಾಳ ಹಡಗು ಹತ್ತಿ ಊರು ಬಿಟ್ಟುಹೋಗುವ ಆರು ನಿಮಿಷದ ಚಿತ್ರವೊಂದನ್ನು ಮಾರ್ನಿ ತಾನೇ ಕಂಪ್ಯೂಟರಿನಲ್ಲಿ ಒಂದೊಂದೇ ಹಾಳೆ ಬರೆದು ಚಲಿಸುವಂತೆ ಮಾಡುತ್ತಿದ್ದಳು. ನಾಲ್ಕು ವರ್ಷದಲ್ಲಿ ನಲವತ್ತೊಂದು ಸೆಕೆಂಡು ಆಗಿತ್ತು.

ಊಟವಾದ ಮೇಲೆ ಗಂಡ ಹೆಂಡತಿ ಒಂದೇ ಕಂಪ್ಯೂಟರಿನ ಮುಂದೆ ಕೂತು ದೋಣಿಯ ಆಟವೊಂದನ್ನು ಆಡುತ್ತಿದ್ದರು. ಅವಳು ಚುಕ್ಕಾಣಿ ಹಿಡಿಯುವಳು, ಅವನು ದಾರಿ ಹೇಳುವನು. ಯಂತ್ರಕ್ಕೆ ತ್ರಾಣವಿಲ್ಲವಾದ್ದರಿಂದ ಆಟದ ಅಲೆಗಳನ್ನೆಲ್ಲ ತೆಗೆದಿಟ್ಟಿದ್ದರು.

"ಇದು ಸಮುದ್ರ ಏನೋ? ನೀಲಿ ಬೆಡ್‌ಶೀಟು. ಊರಿಗೆಲ್ಲ ಅಲೆ ಹಂಚ್ತೀಯ, ಹೆಂಡ್ತಿಗೆ ಬೆಡ್‌ಶೀಟು."

"ಸ್ವಲ್ಪ ತಡಿ ಮಾರ್ನಿ. ನಿಂಗೆ ಮಾಡಿದ್ರೆ ಅಂಥಿಂಥದ್ದು ಮಾಡಲ್ಲ."

"ತಡೀತಾ ತಡೀತಾ ಕೂದಲು ಬೆಳ್ಳಗಾಯ್ತು."

ಇದು ಅವರಿಬ್ಬರ ನಡುವೆ ವರ್ಷಗಟ್ಟಲೆ ನಡೆದ ತಮಾಷೆ.

ಆ ವರ್ಷ ಮಾರ್ಚಿನಲ್ಲಿ ಮಾರ್ನಿ ಬರೆದ ಹೆಸರೊಂದರ ಕೊನೆಯ ಅಕ್ಷರ ಕೇಕಿನ ಅಂಚಿನಿಂದ ಕೆಳಗೆ ಜಾರಿತು. ನಿದ್ದೆ ಸಾಲದೆ ಹೀಗಾಯಿತು ಎಂದುಕೊಂಡಳು. ಏಪ್ರಿಲಿನಲ್ಲಿ ಅಂಗಿಯ ಗುಂಡಿ ಹಾಕಲು ಹೆಬ್ಬೆರಳು ಮಾತು ಕೇಳದಾಯಿತು. ಮೇ ತಿಂಗಳಲ್ಲಿ ಆಸ್ಪತ್ರೆಯ ನರವೈದ್ಯೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು: ಎಎಲ್‌ಎಸ್. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ. ವಾಸಿಯಾಗುವುದಿಲ್ಲ. ಕೆಲವರಿಗೆ ನಿಧಾನ, ಕೆಲವರಿಗೆ ಬೇಗ. "ನಿಮಗೆ ಬೇಗ ಅನ್ನಿಸ್ತಿದೆ" ಎಂದು ವೈದ್ಯೆ ಮುಚ್ಚುಮರೆ ಮಾಡದೆ ಹೇಳಿದಳು.

ಮನೆಗೆ ಬರುವಾಗ ಕಾರಿನಲ್ಲಿ ಮಾರ್ನಿ, "ಆರ್ವೊ, ಈಗ ಮಾಡ್ಕೊಡು" ಎಂದಳು. "ಹಳೇದ್ರಲ್ಲಿ ಗೆರೆ ಎಳೆದು ಒಂದು ಗಳಿಗೆ ಆದ್ಮೇಲೆ ಪರದೆ ಮೇಲೆ ಬರತ್ತೆ. ಕೈ ಗಟ್ಟಿ ಇದ್ದಾಗ ಅಂದಾಜಲ್ಲಿ ಎಳೀತಿದ್ದೆ. ಈಗ ಆಗಲ್ಲ. ಎಳೆದ ಕ್ಷಣದಲ್ಲೇ ಕಾಣ್ಬೇಕು ನಂಗೆ."

"ಮಾಡ್ತೀನಿ. ಇಡೀ ಊರಲ್ಲಿ ಇಲ್ಲದ್ದು ಮಾಡ್ತೀನಿ."

ಹಾಗೆಂದವನು ಅಂದಿನಿಂದಲೇ ಶುರು ಮಾಡಿದ. ಚಿತ್ರ ಎಷ್ಟೇ ಭಾರವಾದರೂ ಉಸಿರು ಕಟ್ಟದ ಪ್ರೊಸೆಸರು. ಬೇಕಾದ್ದಕ್ಕಿಂತ ನಾಲ್ಕು ಪಟ್ಟು ಮೆಮೊರಿ. ಪಕ್ಕದಲ್ಲಿ ಮಲಗಿದವರಿಗೂ ಕೇಳಿಸದಂಥ ಫ್ಯಾನು. ಏಕೆಂದರೆ ಮುಂದೆ ಅವಳು ಮಲಗುವ ಜಾಗಕ್ಕೇ ಯಂತ್ರವನ್ನು ತರಬೇಕಾಗಬಹುದು. ಪೆನ್ನಿನಲ್ಲಿ ನೇರವಾಗಿ ಬರೆಯಬಹುದಾದ ದೊಡ್ಡ ಪರದೆ. ಅದನ್ನು ತಂದ ದಿನ ಮಾರ್ನಿ ಡಬ್ಬದ ಮೇಲೆ ಕೈಯಾಡಿಸಿ, "ಗುಲಾಬಿ ಬಣ್ಣ ಗುಲಾಬಿ ಥರಾನೇ ಕಾಣತ್ತಾ? ಹಳೇದ್ರಲ್ಲಿ ಹಂದಿ ಮಾಂಸ ಕಂಡಂಗೆ ಕಾಣತ್ತೆ" ಎಂದು ನಕ್ಕಿದ್ದಳು. ಒಂದೊಂದು ಡಬ್ಬ ಬಂದಂತೆಲ್ಲ ಆರ್ವೊ ಅದನ್ನು ಹಜಾರದಿಂದ ಮಲಗುವ ಕೋಣೆಗೆ ಹೋಗುವ ಓಣಿಯ ಗೋಡೆಗೆ ಒರಗಿಸಿಟ್ಟ.

ಉಳಿದದ್ದು ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು. ಆಟದ ಅಲೆಗಳೂ ಪಾರಿವಾಳದ ರೆಕ್ಕೆಗಳೂ ಅದರ ಮೇಲೇ ನಿಂತಿದ್ದವು. ಜುಲೈ ಮೊದಲ ವಾರ ಅಂಗಡಿಗೆ ಒಳ್ಳೆಯ ಕಾರ್ಡೊಂದು ಬಂತು. ಆರ್ವೊ ಅದನ್ನು ಮೇಲಿನ ಕಪಾಟಿನಲ್ಲಿಟ್ಟು, ಚೀಟಿಯ ಮೇಲೆ 'ಮಾರ್ನಿ' ಎಂದು ಬರೆದು ಅಂಟಿಸಿದ. ಅಂದೇ ಮನೆಗೆ ಒಯ್ದಿದ್ದರೆ ಮರುದಿನ ಅವಳು ಬರೆಯಬಹುದಿತ್ತು. ಒಯ್ಯಲಿಲ್ಲ. ಹೊಸ ಸಾಲಿನ ಕಾರ್ಡು ಅಕ್ಟೋಬರಿನಲ್ಲಿ ಬರುತ್ತದೆಂದು ಆ ವಾರವೇ ಸುದ್ದಿಯಾಯಿತು. ಇದಕ್ಕಿಂತ ಎಷ್ಟೋ ಮೇಲು, ಬಿಸಿ ಕಡಿಮೆ, ಸದ್ದು ಇನ್ನೂ ಕಡಿಮೆ. ಕಪಾಟಿನ ಡಬ್ಬ ಆರ್ವೊನ ಕಣ್ಣಿಗೆ ಆಗಲೇ ಹಳತಾಗಿ ಕಂಡಿತು. ಹೆಂಡತಿಗೆ ಮಾಡುವ ಒಂದೇ ಒಂದು ಯಂತ್ರಕ್ಕೆ ಇದನ್ನು ಹಾಕುವುದೇ?

ಆಟದ ಹುಚ್ಚಿನ ದಂತವೈದ್ಯ ಟೆಸಿಯೆ ಅಂಗಡಿಗೆ ಬಂದವನು ಕಪಾಟು ನೋಡಿ, "ಆರ್ವೊ, ಅದೊಂದಿದ್ಯಲ್ಲ, ಕೊಡಯ್ಯ. ತಡೀರಿ ಅಂತ ಮಾತ್ರ ಹೇಳ್ಬೇಡ" ಎಂದ.

ಆರ್ವೊ ಚೀಟಿ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು, ಡಬ್ಬ ಇಳಿಸಿ ಕೊಟ್ಟ.

ಹೊಸದರ ಆಸೆಯಷ್ಟೇ ಕಾರಣವಾಗಿರಲಿಲ್ಲ. ಅಕ್ಟೋಬರಿಗೆ ಕಾರ್ಡು ಬರುತ್ತದೆ ಎಂದು ಹೇಳಿಕೊಂಡಾಗಲೆಲ್ಲ ಅಕ್ಟೋಬರಿನಲ್ಲೂ ಮಾರ್ನಿಯ ಕೈಯಲ್ಲಿ ಪೆನ್ನು ಇರುತ್ತದೆ ಎಂದು ಯಾರೋ ಮಾತು ಕೊಟ್ಟಂತೆ ಅವನಿಗೆ ಅನ್ನಿಸುತ್ತಿತ್ತು. ಎಲ್ಲ ಭಾಗವೂ ಬಂದು ಯಂತ್ರ ಮುಗಿದೇಹೋದರೆ ಆಮೇಲೆ ಕಾಯುವುದಕ್ಕೆ ಉಳಿಯುವುದು ಒಂದೇ, ಅದನ್ನು ನೆನೆಯಲು ಅವನಿಗೆ ಧೈರ್ಯವಿರಲಿಲ್ಲ.

ಆಗಸ್ಟಿನಲ್ಲಿ ಮಾರ್ನಿ ಊರುಗೋಲು ಹಿಡಿದಿದ್ದಳು. ಬೇಕರಿಯ ಕೆಲಸ ಬಿಟ್ಟಾಗಿತ್ತು. ಒಂದು ಮಧ್ಯಾಹ್ನ ಓಣಿಯ ಡಬ್ಬಗಳ ಹತ್ತಿರ ನಿಂತು ಕೇಳಿದಳು:

"ಇನ್ನೇನು ಬರ್ಬೇಕು?"

"ಕಾರ್ಡು."

"ಯಾವ್ದಾದ್ರೊಂದು ಹಾಕೋ ಮಾರಾಯ. ಇರೋದನ್ನ ಹಾಕು."

"ಎಲ್ಲೂ ಇಲ್ಲ ಮಾರ್ನಿ. ಇಡೀ ಮಾರ್ಕೆಟ್ಟಲ್ಲೇ ಸಿಗ್ತಿಲ್ಲ."

ಅವಳು ಅವನ ಮುಖವನ್ನೇ ನೋಡಿ, "ನಿಂಗೇ ಸಿಕ್ತಿಲ್ಲ ಅಂದ್ರೆ ಇನ್ಯಾರಿಗೆ ಸಿಗತ್ತೆ" ಎಂದು ಕೋಲೂರಿಕೊಂಡು ಒಳಗೆ ಹೋದಳು. ನಂಬಿ ಹಾಗೆಂದಳೋ ನಂಬದೆಯೋ ಎಂಬುದು ಅವನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಅಕ್ಟೋಬರ್ ಬಂತು. ಕಾರ್ಡು ಬಿಡುಗಡೆಯಾದ ಬೆಳಿಗ್ಗೆ ಆರ್ವೊ ಹತ್ತು ಗಂಟೆಗೆ ಸರಿಯಾಗಿ ಆರ್ಡರ್ ಮಾಡಲು ಕಂಪ್ಯೂಟರಿನ ಮುಂದೆ ಕೂತಿದ್ದ. ಹತ್ತು ಗಂಟೆ ನಾಲ್ಕು ನಿಮಿಷಕ್ಕೆ ಎಲ್ಲ ಖಾಲಿ. ಟೊರಾಂಟೊ, ವಿನ್ನಿಪೆಗ್, ಪರಿಚಯದವರು, ಸಗಟು ಮಾರಾಟಗಾರರು ಎಂದು ಎಲ್ಲರಿಗೂ ಫೋನು ಮಾಡಿದ. ಯಾರ ಮುಂದೆಯೂ ಕೈಯೊಡ್ಡದವನು, "ನನ್ನ ಹೆಂಡ್ತಿಗೆ ಹುಷಾರಿಲ್ಲ, ದಯವಿಟ್ಟು ಒಂದು" ಎಂದು ಬೇಡಿಕೊಂಡ. ಜನವರಿಗೆ ನೋಡೋಣ ಎಂದರು. ಹಳೆಯದಾದರೂ ಸರಿ ಎಂದು ಹುಡುಕಿದರೆ, ಹೊಸದು ಸಿಗದವರು ಅದನ್ನೂ ಖಾಲಿ ಮಾಡಿದ್ದರು. ಟೆಸಿಯೆಯ ಮನೆಯ ಬಾಗಿಲಿಗೂ ಹೋದ. ವೈದ್ಯ ಚಳಿಗಾಲಕ್ಕೆಂದು ಫ್ಲಾರಿಡಾಕ್ಕೆ ಹೋಗಿಯಾಗಿತ್ತು, ಫೋನು ಎತ್ತಲಿಲ್ಲ.

ನವೆಂಬರಿನಲ್ಲಿ ಗಾಲಿಕುರ್ಚಿ ಬಂತು. ಮಾರ್ನಿಯ ಅಕ್ಕ ಡೋರೀನ್ ಊರಿನ ಸಿಟಿ ಬಸ್ಸಿನ ಡ್ರೈವರು. ಭಾನುವಾರ ತಪ್ಪದೆ ಬಂದು ಒಲೆಯಲ್ಲಿ ಅಗಲವಾದ ಫಿನ್ನಿಶ್ ಪ್ಯಾನ್‌ಕೇಕ್ ಮಾಡಿ ತಂಗಿಗೆ ತಿನ್ನಿಸಿ ಹೋಗುವಳು. ಒಂದು ಭಾನುವಾರ ತಂಗಿಯ ಕುರ್ಚಿ ತಳ್ಳಿಕೊಂಡು ಹೊರಟವಳು ಓಣಿಯಲ್ಲಿ ನಿಂತಳು. ಡಬ್ಬಗಳ ನಡುವೆ ಕುರ್ಚಿ ಸಿಕ್ಕಿಕೊಂಡಿತ್ತು.

"ಏನೋ ಇದು ಆರ್ವೊ, ಮನೆನೋ ಗೋಡೌನೋ? ಇವಳು ಕಕ್ಕಸಿಗೆ ಹೋಗೋದು ಹ್ಯಾಗೆ?"

ಆರ್ವೊ ಒಂದೊಂದೇ ಡಬ್ಬ ಎತ್ತಿ ಗ್ಯಾರೇಜಿಗೆ ಸಾಗಿಸಿದ. ಕೊನೆಯದಾಗಿ ಪರದೆಯ ಡಬ್ಬ ಎತ್ತುವಾಗ ಮಾರ್ನಿ ತೊದಲುತ್ತ, "ಅದು... ಅಲ್ಲೇ ಇರ್ಲಿ" ಎಂದಳು. ಆದರೆ ಕುರ್ಚಿಗೆ ದಾರಿ ಬೇಕಿತ್ತು.

ಜನವರಿ ಕೊನೆಗೆ ಕಾರ್ಡು ಬಂತು. ಹೊರಗೆ ಸರೋವರ ಕಣ್ಣು ಹಾಯುವಷ್ಟೂ ಹೆಪ್ಪುಗಟ್ಟಿತ್ತು. ಆರ್ವೊ ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಮಾರ್ನಿಯ ಕುರ್ಚಿಯನ್ನು ಎದುರಿಗೆ ತಂದು ನಿಲ್ಲಿಸಿ, ಅವಳು ನೋಡುತ್ತಿರುವಂತೆಯೇ ಜೋಡಿಸಿದ. ಅವನ ಕೈಯಲ್ಲಿ ಅಂಥ ಕೆಲಸ ಹಿಂದೆ ಆಗಿರಲಿಲ್ಲ. ಒಂದು ತಂತಿ ಹೊರಗೆ ಕಾಣದು, ಒಂದು ಸ್ಕ್ರೂ ಓರೆಯಿಲ್ಲ. ಗುಂಡಿ ಒತ್ತಿದ. ಪರದೆ ಬೆಳಗಿತು, ಸದ್ದು ಮಾತ್ರ ಬರಲಿಲ್ಲ.

"ನಡೀತಿದ್ಯಾ?" ಎಂದಳು.

"ನಡೀತಿದೆ. ಕೇಳ್ಸಲ್ಲ, ಅಷ್ಟೆ."

ಚಿತ್ರದ ನಲವತ್ತೆರಡನೆಯ ಸೆಕೆಂಡಿನ ಖಾಲಿ ಹಾಳೆ ತೆರೆದು, ಅವಳ ಬಲಗೈ ಬೆರಳುಗಳ ನಡುವೆ ಪೆನ್ನಿಟ್ಟು, ತನ್ನ ಅಂಗೈಯಿಂದ ಅವಳ ಮಣಿಕಟ್ಟನ್ನು ಎತ್ತಿ ಹಿಡಿದ. ಪೆನ್ನು ಪರದೆಗೆ ತಾಗಿತು. ತಾಗಿದ ಕ್ಷಣದಲ್ಲೇ ಗೆರೆ ಮೂಡಿತು, ಕೂದಲೆಳೆಯಷ್ಟೂ ತಡವಿಲ್ಲ. ಬೆರಳು ಸಡಿಲಾಯಿತು. ಗೆರೆ ಕೆಳಗೆ ಜಾರಿತು, ಪೆನ್ನು ನೆಲಕ್ಕೆ ಬಿತ್ತು. ಆರ್ವೊ ಬಗ್ಗಿ ಎತ್ತಿಕೊಟ್ಟ. ಮತ್ತೆ ಬಿತ್ತು. ಮೂರನೆಯ ಸಲ ಅವನು ಬಗ್ಗಿದಾಗ ಮಾರ್ನಿ, "ಬೇಡ" ಎಂದಳು.

ಆಮೇಲೆ ಪರದೆಯತ್ತ ನೋಡಿ, "ನೀನು ಬರಿ. ನಾನು ಹೇಳ್ತೀನಿ" ಎಂದಳು.

"ನಂಗೆ ಬರಲ್ಲ ಮಾರ್ನಿ."

"ಬರಿ. ಹೊಟ್ಟೆ ದುಂಡಗೆ. ಕುತ್ತಿಗೆ ಚಿಕ್ಕದು."

ಅವಳು ಒಂದೊಂದು ಮಾತನ್ನೂ ಕಷ್ಟಪಟ್ಟು ಹೊರಡಿಸಿದಳು. ಅವನು ಬೆವರುತ್ತ ಬರೆದ. ಪಾರಿವಾಳದ ಬದಲು ಕಾಲು ಮೂಡಿದ ಆಲೂಗಡ್ಡೆ ಬಂತು. ಮಾರ್ನಿಗೆ ನಗು ಬಂತು. ಆ ರೋಗದಲ್ಲಿ ನಗು ಬಂದರೆ ಹಿಡಿತಕ್ಕೆ ಸಿಗದು. ನಗುತ್ತ ನಗುತ್ತ ಉಸಿರು ಸಿಕ್ಕಿಕೊಂಡು ಅಳುವಾಯಿತು, ಅಳು ನಿಲ್ಲಲಿಲ್ಲ. ಆರ್ವೊ ಅವಳ ತಲೆಯನ್ನು ಎದೆಗೊತ್ತಿಕೊಂಡು ನಿಂತ.

ಮರುದಿನ ಆಟವನ್ನಾದರೂ ತೋರಿಸೋಣವೆಂದು ಅಲೆಗಳನ್ನೆಲ್ಲ ಹಾಕಿ ತೆರೆದ. ನಿಜವಾದ ಸಮುದ್ರ: ನೊರೆ, ನೆರಳು, ದೋಣಿಯ ಪಕ್ಕೆಗೆ ಹೊಡೆಯುವ ನೀರು. ಅವನೇ ಚುಕ್ಕಾಣಿ ಹಿಡಿದ. ಮಾರ್ನಿ ಐದು ನಿಮಿಷ ನೋಡಿ, "ತಲೆ ಸುತ್ತತ್ತೆ. ನಿಲ್ಸು" ಎಂದಳು. ಆಮೇಲೆ ಯಂತ್ರದ ವಿಷಯ ಎತ್ತಲಿಲ್ಲ. ಕಣ್ಣಿನ ನೋಟದಿಂದಲೇ ಬರೆಯುವ ಸಾಧನವಿದೆ, ತರಿಸುತ್ತೇನೆ, ಯಾವುದು ಒಳ್ಳೆಯದೆಂದು ನೋಡುತ್ತಿದ್ದೇನೆ ಎಂದು ಆರ್ವೊ ಹೇಳಿದಾಗ ಕಣ್ಣು ಮುಚ್ಚಿಕೊಂಡಳು.

ಹಳೆಯ ಕಂಪ್ಯೂಟರಿನಲ್ಲಿ ಆ ನಲವತ್ತೊಂದು ಸೆಕೆಂಡನ್ನು ಜೋಡಿಸಿ ಚಲಿಸುವ ಚಿತ್ರವಾಗಿ ಸಿದ್ಧಪಡಿಸಲು ಹನ್ನೊಂದು ತಾಸು ಬೇಕಾಗುತ್ತಿತ್ತು. ಹೊಸದು ಆರು ನಿಮಿಷದಲ್ಲಿ ಮುಗಿಸಿತು. ಮಾರ್ನಿ ಒಳಗೆ ಮಲಗಿದ್ದಾಗ ಆರ್ವೊ ಒಬ್ಬನೇ ನೋಡಿದ. ಪಾರಿವಾಳ ಹಡಗು ಕಟ್ಟಿದ ಹಗ್ಗದ ಮೇಲೆ ತೂರಾಡುತ್ತ ನಡೆದು ಹಡಗಿನ ಅಂಚಿಗೆ ಬಂದು, ಒಂದು ಕಾಲೆತ್ತುತ್ತದೆ. ಅಲ್ಲಿಗೆ ಮುಗಿಯಿತು.

ಮಾರ್ನಿ ಆಗಸ್ಟಿನಲ್ಲಿ ತೀರಿಕೊಂಡಳು. ಐವತ್ನಾಲ್ಕು ವರ್ಷ.

ಸೆಪ್ಟೆಂಬರಿನ ಒಂದು ಭಾನುವಾರ ಡೋರೀನ್ ಬಟ್ಟೆಗಳನ್ನು ವಿಂಗಡಿಸಲು ಬಂದಳು. ಮಡಿಸುತ್ತ ಮಡಿಸುತ್ತ, "ನೀನೇನೂ ಕಡಿಮೆ ಮಾಡ್ಲಿಲ್ಲ ಆರ್ವೊ" ಎಂದಳು. "ಆ ಕಾರ್ಡು ಬೇಗ ಸಿಕ್ಕಿದ್ರೆ ನೀನು ಮಾಡ್ದೇ ಇರ್ತಿದ್ಯಾ? ಸಿಗ್ಲಿಲ್ಲ, ಏನ್ಮಾಡಕ್ಕಾಗತ್ತೆ."

ಆರ್ವೊ ಮಂಚದ ಅಂಚಿನಲ್ಲಿ ಕೂತಿದ್ದ. "ಸಿಕ್ಕಿತ್ತು" ಎಂದ.

"ಏನು?"

"ಕಾರ್ಡು. ಹೋದ ವರ್ಷ ಜುಲೈನಲ್ಲೇ ಸಿಕ್ಕಿತ್ತು. ಅವಳ ಹೆಸರು ಬರೆದು ಎತ್ತಿಟ್ಟಿದ್ದೆ. ಹೊಸದು ಬರತ್ತೆ ಅಂತ ಮಾರಿಬಿಟ್ಟೆ. ಅವಳು ಕೇಳಿದ್ಲು. ಎಲ್ಲೂ ಇಲ್ಲ ಅಂತ ಸುಳ್ಳು ಹೇಳ್ದೆ."

ಡೋರೀನ್ ಕೈಯಲ್ಲಿದ್ದ ಸ್ವೆಟರನ್ನು ಮಡಿಸಿ ಮುಗಿಸಿದಳು. "ಜುಲೈನಲ್ಲಿ ಅವಳ ಕೈ ಇತ್ತು" ಎಂದಳು.

"ಇತ್ತು."

"ಆಗಸ್ಟಲ್ಲೂ ಇತ್ತು. ನನ್ನ ಹುಟ್ಟಿದ ಹಬ್ಬಕ್ಕೆ ಶುಭಾಶಯದ ಕಾರ್ಡಿನ ಮೇಲೆ ಬಸ್ಸು ಬರೆದುಕೊಟ್ಟಿದ್ಲು."

ಆರ್ವೊ ತಲೆಯಾಡಿಸಿದ. ಬೈಯಲಿ ಎಂದು ಕಾದ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರಾಗುತ್ತಿತ್ತೇನೋ. ಡೋರೀನ್ ಬೈಯಲಿಲ್ಲ. ಬಟ್ಟೆಯ ಚೀಲಕ್ಕೆ ಗಂಟು ಹಾಕಿ, ಬಾಗಿಲವರೆಗೆ ಹೋಗಿ ತಿರುಗಿದಳು.

"ಇದನ್ನ ನಂಗ್ಯಾಕೆ ಹೇಳ್ದೆ? ಕೊನೇಗಾಲದಲ್ಲಿ ಅವಳಿಗೆ ಆಗೋದೆಲ್ಲ ಆಯ್ತು ಅನ್ನೋ ಸಮಾಧಾನ ಒಂದಿತ್ತು ನಂಗೆ. ಅದನ್ನೂ ಕಿತ್ಕೊಂಡ್ಯಲ್ಲೋ."

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಆರ್ವೊ ಎರಡು ಸಲ ಫೋನು ಮಾಡಿ, ಮೂರನೆಯ ಸಲ ಮಾಡಲಿಲ್ಲ. ಅಂಗಡಿಯ ಕೆಲಸ ಬಿಟ್ಟು, ಐಸ್ ಹಾಕಿ ಆಟದ ಮೈದಾನದಲ್ಲಿ ಮಂಜುಗಡ್ಡೆಯ ನೆಲ ಸರಿಪಡಿಸುವ ಯಂತ್ರ ಓಡಿಸುವ ಕೆಲಸಕ್ಕೆ ಸೇರಿಕೊಂಡ. ಅಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಚಳಿಗೆ ಕಾರು ಶುರುವಾಗದೆ ಆರ್ವೊ ನಿಲ್ದಾಣದಲ್ಲಿ ನಿಂತಿದ್ದ. ಬಸ್ಸು ಬಂದು ಬಾಗಿಲು ತೆರೆಯಿತು. ಡ್ರೈವರ್ ಸೀಟಿನಲ್ಲಿ ಡೋರೀನ್ ಕೂತಿದ್ದಳು. ಅವನು ಹತ್ತಲೋ ಬೇಡವೋ ಎಂದು ಹೊರಗೇ ನಿಂತ.

"ಹತ್ತು. ಚಳಿ ಒಳಗೆ ಬರತ್ತೆ" ಎಂದಳು.

ಅವನು ಹತ್ತಿ ಎಲ್ಲರಿಗಿಂತ ಹಿಂದಿನ ಸೀಟಿಗೆ ಹೋಗಿ ಕೂತ. ಮೈದಾನ ಬಂದಾಗ ಹಿಂಬಾಗಿಲಿನಿಂದ ಇಳಿದ. ಡೋರೀನ್ ಬಾಗಿಲು ಮುಚ್ಚಿ ಬಸ್ಸನ್ನು ಮುಂದಕ್ಕೆ ತೆಗೆದಳು.