ಜವರಪ್ಪನವರ ವೀಳ್ಯದೆಲೆ ಸೂತ್ರ

ಗಿರಿಜಾಂಬಾಗೆ ಮೆಚ್ಚಿಗೆಯಾಗುವಂಥ ಮನುಷ್ಯರು ಮೈಸೂರಿನಲ್ಲಿ ಹೆಚ್ಚು ಇರಲಿಲ್ಲ. ಬನ್ನಿಮಂಟಪದ ಹತ್ತಿರ ಅಕ್ಕ ಶಾಂತಾದೇವಿಯ ಮನೆಯಲ್ಲಿದ್ದುಕೊಂಡೇ ಅವಳು ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದಳು. ನೋಡಲು ಬಂದ ಗಂಡುಗಳಲ್ಲಿ ಒಬ್ಬ ಮೂಗಿನಲ್ಲಿ ಮಾತಾಡುತ್ತಾನೆಂದೂ ಇನ್ನೊಬ್ಬನಿಗೆ ಭಾಗಾಕಾರ ಬಾರದೆಂದೂ ಹೇಳಿ ಕಳಿಸಿಬಿಟ್ಟಳು. ಊರಿನ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳ ತಾತ್ಸಾರಕ್ಕೆ ಕಾಯಂ ಗಿರಾಕಿಯೊಬ್ಬರು ಸಿಕ್ಕರು. ವಿಭಾಗದ ಮುಖ್ಯಸ್ಥ, ಪ್ರೊಫೆಸರ್ ಜವರಪ್ಪ.

ಜರಿಪೇಟ, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಗು. ಸ್ವಾತಂತ್ರ್ಯ ಬಂದು ಎಂಟು ವರ್ಷವಾಗಿತ್ತು. ದೇಶಕ್ಕೆ ಲೆಕ್ಕ ಬೇಕು ಎಂದು ಎಲ್ಲರೂ ಹೇಳುತ್ತಿದ್ದ ಕಾಲ. ಜವರಪ್ಪನವರು ವೀಳ್ಯದೆಲೆಯ ಬೇಡಿಕೆಯ ಸೂತ್ರ ಕಂಡುಹಿಡಿಯಲು ಹೊರಟರು. ಮಾರುಕಟ್ಟೆಯಿಂದ ತಿಂಗಳು ತಿಂಗಳ ಬೆಲೆ, ತಿಂಗಳು ತಿಂಗಳ ಮಾರಾಟ ತರಿಸಿದರು. ಹಿಡಿಕೆ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಗಿರಿಜಾಂಬಾಳನ್ನು ಕೂರಿಸಿದರು. ಗ್ರಾಫ್ ಕಾಗದದ ಮೇಲೆ ಚುಕ್ಕೆಗಳು ಮೇಲ್ಮುಖವಾಗಿ ಏರುತ್ತಾ ಹೋದವು.

“ನೋಡ್ರೀ ಗಿರಿಜಾಂಬಾ! ಬೆಲೆ ಏರಿದಷ್ಟೂ ನಮ್ಮ ಜನ ಜಾಸ್ತಿ ಎಲೆ ಕೊಳ್ತಾರೆ. ಪ್ರಪಂಚದಲ್ಲಿ ಇಂಥ ಬೇಡಿಕೆ ಎಲ್ಲಿದೆ? ಪ್ರತಿಷ್ಠೆ ಕಣ್ರೀ ಇದು, ಮೈಸೂರಿನ ಪ್ರತಿಷ್ಠೆ!”

“ಸರ್, ಮೇಲಿರೋ ಚುಕ್ಕೆಗಳೆಲ್ಲ ಮಾಘ, ವೈಶಾಖ. ಮದುವೆ ತಿಂಗಳು. ಕೆಳಗಿರೋವು ಆಷಾಢ, ಪುಷ್ಯ.”

“ಅದಕ್ಕೇನೀಗ?”

“ಬೆಲೆ ಏರಿತು ಅಂತ ಜನ ಕೊಂಡಿದ್ದಲ್ಲ. ಮದುವೆ ಬಂತು, ಜನ ಎಲೆಗೆ ಮುಗಿಬಿದ್ರು, ಅದಕ್ಕೆ ಬೆಲೆ ಏರ್ತು. ಒಳ್ಳೇ ಬೆಲೆ ಸಿಗುತ್ತೆ ಅಂತ ತೋಟದೋರು ಜಾಸ್ತಿ ಕುಯ್ದು ಕಳಿಸಿದ್ರು. ಈ ಗೆರೆ ಕೊಳ್ಳೋರದ್ದಲ್ಲ ಸರ್, ಬೆಳೆಯೋರದ್ದು.”

ಜವರಪ್ಪನವರು ಹೊಟ್ಟೆ ಕುಲುಕಿಸಿ ನಕ್ಕರು. “ಗೆರೆ ಮೇಲೆ ಹೆಸರು ಬರೆದಿರುತ್ತೇನಮ್ಮಾ?”

ಬರೆದಿರುವುದಿಲ್ಲ. ಇಡೀ ಸಮಸ್ಯೆ ಇದ್ದದ್ದೇ ಆ ಮಾತಿನಲ್ಲಿ. ಆಡಿದವರಿಗೆ ಮಾತ್ರ ಅದು ತಿಳಿಯಲಿಲ್ಲ. ಕತ್ತೆಯ ಬಾಯಿಗೆ ಕಬ್ಬು ತಾನಾಗಿ ಬಂದು ಬಿದ್ದರೂ ರುಚಿ ತಿಳಿಯಲಿಲ್ಲ ಎಂದುಕೊಂಡು ಅವಳು ಯಂತ್ರಕ್ಕೆ ಬಟ್ಟೆ ಮುಚ್ಚಿದಳು.

ಸೂತ್ರ ಅಚ್ಚಾಯಿತು. ಪಠ್ಯಪುಸ್ತಕದಲ್ಲಿ ಒಂದು ಅಧ್ಯಾಯವೂ ಆಯಿತು. ಮುನ್ನುಡಿಯ ಕೊನೆಯಲ್ಲಿ ‘ಲೆಕ್ಕದಲ್ಲಿ ನೆರವಾದ ಶ್ರೀಮತಿ ಗಿರಿಜಾಂಬಾ’ ಎಂದಿತ್ತು. ಮದುವೆಯಾಗದವಳಿಗೆ ಮುನ್ನುಡಿಯಲ್ಲೇ ಮದುವೆಯನ್ನೂ ಮಾಡಿಸಿಬಿಟ್ಟಿದ್ದರು. ನಂಜನಗೂಡು ರಸ್ತೆಯ ಕಡೆಯ ಎಲೆತೋಟದವರ ಸಂಘಕ್ಕೆ ಚಾಮಯ್ಯನೆಂಬ ಕಾರ್ಯದರ್ಶಿಯಿದ್ದ. ಜವರಪ್ಪನವರ ಶಿಷ್ಯ, ಗುರುಗಳ ಪುಸ್ತಕವನ್ನು ನಿಜವಾಗಿಯೂ ಓದಿದ ಒಬ್ಬನೇ ಶಿಷ್ಯ. ಅವನು ಆಷಾಢದಲ್ಲಿ ಮದುವೆ ಕಾಲದ ಬೆಲೆಯನ್ನೇ ಕಟ್ಟಿ ಕೂತ. ಬೆಲೆ ಮೇಲಿದ್ದರೆ ಜನ ಬಂದೇ ಬರುತ್ತಾರಲ್ಲ! ಯಾರೂ ಬರಲಿಲ್ಲ. ಎಲೆ ಕುಕ್ಕೆಯಲ್ಲೇ ಹಳದಿಯಾಗಿ, ಕೊಳೆತು, ಗೋದಾಮಿನ ಬಾಗಿಲ ಹತ್ತಿರ ಹೋಗಲಾಗದಂತಾಯಿತು. ಸುದ್ದಿ ಕೇಳಿದಾಗ ಸ್ಟಾಫ್ ರೂಮಿನಲ್ಲಿ ಗಿರಿಜಾಂಬಾ ಒಬ್ಬಳೇ ಗಟ್ಟಿಯಾಗಿ ನಕ್ಕಳು. ತೋಟದವರ ಬಗ್ಗೆ ಅವಳಿಗೆ ಮರುಕ ಹುಟ್ಟಲಿಲ್ಲ. ಪ್ರೊಫೆಸರರ ಮಾತು ಕೇಳಿ ಎಲೆ ಮಾರುವವರಿಗೆ ಹಾಗೇ ಆಗಬೇಕು ಅನಿಸಿತು.

ಕೊಳ್ಳುವವರ ಗೆರೆ ಕಾಣಬೇಕಾದರೆ ಅವರ ಆಸೆ ಇದ್ದಲ್ಲೇ ಇದ್ದು, ಬೆಳೆಯುವವರ ಕಡೆ ಮಾತ್ರ ಏನಾದರೂ ಅಲುಗಾಡಬೇಕು. ಅವಳು ಅದಕ್ಕಾಗಿ ಕಾದಳು. ಐವತ್ತೆಂಟರ ವೈಶಾಖದಲ್ಲಿ ಬಿರುಗಾಳಿ ಎದ್ದು ಎಲೆಬಳ್ಳಿಗಳನ್ನು ಮರದ ಸಮೇತ ಮಲಗಿಸಿತು. ಮದುವೆಗಳು ಎಂದಿನಷ್ಟೇ ಇದ್ದವು. ಎಲೆಯ ಬೆಲೆ ಮಾತ್ರ ಗಗನಕ್ಕೇರಿತು; ಐದೈದು ಎಲೆ ಕೊಡುತ್ತಿದ್ದ ಬೀಗರು ತಾಂಬೂಲಕ್ಕೆ ಎರಡೆರಡೇ ಇಟ್ಟರು. ಹಿಂದಿನ ವರ್ಷಗಳ ವೈಶಾಖದ ಪಕ್ಕ ಈ ವೈಶಾಖವನ್ನು ಇಟ್ಟಾಗ ಗೆರೆ ನೆಟ್ಟಗೆ ಕೆಳಗಿಳಿಯಿತು. ಹಾಗಾದರೆ ಮೈಸೂರಿನ ಜನವೂ ಎಲ್ಲರಂತೆಯೇ, ಬೆಲೆ ಏರಿದರೆ ಕಡಿಮೆ ಕೊಳ್ಳುವವರು. ಅವಳು ಅದನ್ನೇ ಲೇಖನವಾಗಿ ಬರೆದಳು. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ, ಕ್ರಿಕೆಟ್ ತಂಡದ ಫೋಟೋದ ಹಿಂದಿನ ಪುಟದಲ್ಲಿ, ಅದು ಬಂತು.

ಮೂರು ವರ್ಷದ ಮೇಲೆ ದೆಹಲಿಯ ಯಾವುದೋ ಸಮಿತಿಗೆ ಕರೆ ಬಂದು ಹೊರಡುವಾಗ ಜವರಪ್ಪನವರೇ ಅವಳ ಮನೆಗೆ ಬಂದರು. ಶಾಂತಾದೇವಿ ಕಾಫಿ ಕೊಟ್ಟಳು.

“ಪುಸ್ತಕದ ಹೊಸ ಮುದ್ರಣ ನೀವೇ ನೋಡ್ಕೊಳ್ಳಿ ಗಿರಿಜಾಂಬಾ. ನಿಮ್ಮ ಗಾಳಿ ಲೇಖನ ಚೆನ್ನಾಗಿದೆ. ಅದನ್ನೂ ಒಂದು ಅಧ್ಯಾಯ ಮಾಡಿ ಸೇರಿಸ್ಬುಡಿ.”

“ಅದು ಸೇರಿದ್ರೆ ನಿಮ್ಮದು ಹೋಗ್ಬೇಕು ಸರ್.”

“ಯಾಕ್ರೀ? ಅದೂ ಇರ್ಲಿ, ಇದೂ ಇರ್ಲಿ. ಪುಸ್ತಕ ದಪ್ಪ ಆಗುತ್ತೆ.”

ಆರು ವರ್ಷದಿಂದ ಅವಳು ಈ ಮನುಷ್ಯನೊಡನೆ ಮನಸ್ಸಿನಲ್ಲೇ ಜಗಳವಾಡಿದ್ದಳು. ಜಗಳವೊಂದಿದೆ ಎಂಬುದೇ ಇವರಿಗೆ ಗೊತ್ತಿರಲಿಲ್ಲ! ಕೋಪಕ್ಕಿಂತ ಹೆಚ್ಚಾಗಿ ಅಸಹ್ಯವಾಯಿತು. ಆಗುವುದಿಲ್ಲ ಎಂದಳು. ಅವರು ಬೇಜಾರೇನೂ ಮಾಡಿಕೊಳ್ಳದೆ ಇನ್ನೊಂದು ಲೋಟ ಕಾಫಿ ಕೇಳಿ ಕುಡಿದು ಹೋದರು.

“ಒಪ್ಕೊಂಡಿದ್ರೆ ಹುಡುಗ್ರು ನಿಂದೂ ಓದ್ತಿದ್ರಲ್ಲೇ,” ಎಂದಳು ಶಾಂತಾದೇವಿ.

“ಕಸದ ಪಕ್ಕ ಕೂತು ಓದಿಸ್ಕೊಳ್ಳೋಕೆ ನಂಗಿಷ್ಟ ಇಲ್ಲಕ್ಕ.”

“ನಿಂಗೆ ಊರೆಲ್ಲಾ ಕಸಾನೇ ಬುಡು.”

ಹೊಸ ಮುದ್ರಣವನ್ನು ಸಿದ್ದರಾಜು ಎಂಬ ಎಳೆಯ ಉಪನ್ಯಾಸಕ ಮಾಡಿದ. ಅವಳ ಲೇಖನವನ್ನು ಅವನು ಓದಿದ್ದ, ಅರ್ಥಮಾಡಿಕೊಂಡಿರಲಿಲ್ಲ. ಗಾಳಿ ಬೀಸಿದ ವರ್ಷ ವೀಳ್ಯದೆಲೆ ಸೂತ್ರಕ್ಕೆ ಅಪವಾದ ಎಂದು ಅಡಿಟಿಪ್ಪಣಿ ಹಾಕಿದ. ಪುಸ್ತಕ ಅವಳ ತರಗತಿಗೇ ಪಠ್ಯವಾಯಿತು.

ಮೊದಲ ದಿನವೇ ಅವಳು ಅಧ್ಯಾಯದಲ್ಲಿರುವ ತಪ್ಪನ್ನೆಲ್ಲ ಬಿಡಿಸಿ ಹೇಳಿದಳು. ಮುಂದಿನ ಬೆಂಚಿನ ಚಾಮುಂಡೇಶ್ವರಿ ಎದ್ದು ನಿಂತಳು.

“ಮೇಡಂ, ಪರೀಕ್ಷೆಗೆ ಯಾವ್ದು ಬರೀಬೇಕು?”

ಗಿರಿಜಾಂಬಾ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

“ಪುಸ್ತಕದಲ್ಲಿರೋದೇ ಬರೀರಿ. ಪಾಸಾಗ್ಬೇಕಲ್ಲ.”

ತನ್ನ ಬಾಯಿಂದ ಬಂದ ಮಾತು ತನಗೇ ಹೇಸಿಗೆಯಾಯಿತು. ವಿದ್ಯಾರ್ಥಿಗಳು ತಲೆ ತಗ್ಗಿಸಿ ಪುಸ್ತಕದ ಆ ಅಧ್ಯಾಯಕ್ಕೆ ಗುರುತು ಹಾಕಿಕೊಂಡರು. ಅವಳು ಬೆನ್ನು ತಿರುಗಿಸಿ ಬೋರ್ಡಿನ ಮೇಲೆ ಎರಡು ಗೆರೆ ಎಳೆದಳು. ಒಂದರ ಪಕ್ಕ ಕೊಳ್ಳುವವರು, ಇನ್ನೊಂದರ ಪಕ್ಕ ಬೆಳೆಯುವವರು ಎಂದು ದಪ್ಪ ಅಕ್ಷರದಲ್ಲಿ ಬರೆದು, ಯಾರು ನೋಡುತ್ತಿದ್ದಾರೆಂದು ತಿರುಗಿ ನೋಡದೆ ಪಾಠ ಮುಂದುವರಿಸಿದಳು.